ಕಡಲನ್ನೂ ಹಡಗನ್ನೂ ಅವಕೆಂಪು ಧ್ರುವೀಕರಣದಲ್ಲಿ ನೋಡುವುದು ಹೇಗೆ?

ಕತ್ತಲಲ್ಲಿ ಹಡಗನ್ನು ಹುಡುಕಲು ಥರ್ಮಲ್ ಕ್ಯಾಮೆರಾ ಒಂದಿದ್ದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಹೊತ್ತು ಅದು ನಿಜವೂ ಹೌದು. ಆದರೆ ದಿನಕ್ಕೆ ಎರಡು ಹೊತ್ತು ಆ ಕ್ಯಾಮೆರಾ ಕೈಕೊಡುತ್ತದೆ. ಬಿಸಿಲಿಗೆ ಕಾದ ಹಡಗಿನ ಮೈ ಸಂಜೆ ತಣ್ಣಗಾಗುತ್ತಾ ನೀರಿನ ತಾಪಕ್ಕೆ ಇಳಿಯುತ್ತದೆ. ರಾತ್ರಿ ಇನ್ನೂ ತಣ್ಣಗಾಗಿ, ಬೆಳಿಗ್ಗೆ ಮತ್ತೆ ಏರುವಾಗ ಇನ್ನೊಮ್ಮೆ ನೀರಿನ ತಾಪವನ್ನು ದಾಟುತ್ತದೆ. ಆ ಹೊತ್ತಿನಲ್ಲಿ ಹಡಗು, ಕಡಲು ಎರಡೂ ಒಂದೇ ಬೂದು ಬಣ್ಣ. ಸಣ್ಣ ನಾಡದೋಣಿಯಾದರೆ ಕಾಣುವುದೇ ಇಲ್ಲ.

ಆಗ ನೆರವಿಗೆ ಬರುವುದು ಧ್ರುವೀಕರಣ. ಶಾಖದ ಅಲೆಗಳು, ಅಂದರೆ ಅವಕೆಂಪು ಕಿರಣಗಳು, ಎಷ್ಟು ಬರುತ್ತಿವೆ ಎಂಬುದರ ಜೊತೆಗೆ ಅವು ಯಾವ ದಿಕ್ಕಿನಲ್ಲಿ ಕಂಪಿಸುತ್ತಿವೆ ಎಂದೂ ನೋಡಿದರೆ, ಒಂದೇ ತಾಪದ ಎರಡು ವಸ್ತುಗಳನ್ನು ಬೇರೆ ಮಾಡಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕರಾವಳಿಯ ಕಾಲೇಜುಗಳ ಭೌತಶಾಸ್ತ್ರ ವಿಭಾಗದವರು, ಕ್ಯಾಮೆರಾದ ಒಳಗನ್ನು ಬಿಚ್ಚಿ ನೋಡುವ ಹವ್ಯಾಸ ಇರುವವರು ಇದನ್ನು ತಾವೇ ಮಾಡಿ ನೋಡಲಿ ಅಂತ ಈ ಲೇಖನ. ಪೂರ್ತಿ ಓದುವ ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ: ಆಕಾಶವನ್ನು ಅಳೆಯದೆ ಕಡಲಿನ ಧ್ರುವೀಕರಣ ಚಿತ್ರ ತೆಗೆದರೆ ಅದರಿಂದ ಏನೂ ಹೇಳಲಾಗದು. ಯಾಕೆ ಅಂತ ಮುಂದೆ ನೋಡೋಣ.

ಹಂತ 1: ಎರಡು ಬೆಳಕುಗಳ ಹಗ್ಗಜಗ್ಗಾಟವನ್ನು ತಿಳಿದುಕೊಳ್ಳಿ

ನೀರಿನ ಮೇಲೆ ಬಿದ್ದು ಓರೆಯಾಗಿ ಪುಟಿಯುವ ಬೆಳಕಿನಲ್ಲಿ ಅಡ್ಡ ಕಂಪನ, ಅಂದರೆ ನೀರಿನ ಮೈಗೆ ಸಮಾನಾಂತರವಾದ ಕಂಪನ, ಜಾಸ್ತಿ ಇರುತ್ತದೆ. ಪುಟಿದ ಬೆಳಕಿನ ಈ ಗುಣವನ್ನು ಮೊದಲು ಗಮನಿಸಿದ್ದು ಫ್ರೆಂಚ್ ಭೌತವಿಜ್ಞಾನಿ ಮಾಲಸ್. 1808ರಲ್ಲಿ ಪ್ಯಾರಿಸ್‌ನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಅವರು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿದರು. ಹರಳು ತಿರುಗಿಸಿದಂತೆ ಹೊಳಪು ಏರಿ ಇಳಿಯಿತು. ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲನ ಪೂರ್ತಿ ಅಡ್ಡ ಕಂಪನವೇ ಆಗಿರುತ್ತದೆ ಎಂದು ಸ್ಕಾಟ್ಲೆಂಡ್‌ನ ವಿಜ್ಞಾನಿ ಬ್ರೂಸ್ಟರ್ 1815ರಲ್ಲಿ ತೋರಿಸಿದರು. ಕಣ್ಣಿಗೆ ಕಾಣುವ ಬೆಳಕಿಗೆ, ನೀರಿನ ಮೇಲೆ ಆ ಕೋನ ಸುಮಾರು 53 ಡಿಗ್ರಿ.

ಕಡಲಿನ ಮೇಲೆ ಈ ಕೋನವನ್ನು ಸೊಗಸಾಗಿ ಬಳಸಿದವರು ಸರ್ ಸಿ. ವಿ. ರಾಮನ್. 1921ರಲ್ಲಿ ಇಂಗ್ಲೆಂಡ್‌ನಿಂದ ನಾರ್ಕುಂಡ ಹಡಗಿನಲ್ಲಿ ಮರಳುವಾಗ ಅವರ ಬಳಿ ಪುಟ್ಟ ನಿಕಾಲ್ ಪ್ರಿಸಂ (ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಒಳಗೆ ಬಿಡುವ ಹರಳು) ಇತ್ತು. ಅದರ ಮೂಲಕ ನೋಡಿ ಅಲೆಗಳ ಮೇಲಿನ ಆಕಾಶದ ಪ್ರತಿಫಲನವನ್ನು ಅಡಗಿಸಿದರು. ಆಗಲೂ ಕಡಲು ನೀಲಿಯಾಗಿಯೇ ಕಂಡಿತು. ಕಡಲಿನ ನೀಲಿ ಬರೀ ಆಕಾಶದ ಬಿಂಬ ಅಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂದು ವಾದಿಸಲು ಈ ನೋಟ ಅವರಿಗೆ ಆಧಾರವಾಯಿತು. ನಾವು ಮಾಡಹೊರಟಿರುವುದೂ ಅದೇ ಕೆಲಸ: ಕಡಲಿನಿಂದ ಬರುವುದರಲ್ಲಿ ಆಕಾಶದ ಪಾಲು ಎಷ್ಟು, ನೀರಿನ ಪಾಲು ಎಷ್ಟು ಎಂದು ಬೇರ್ಪಡಿಸುವುದು.

ಶಾಖದ ಅಲೆಗಳಲ್ಲಿ ಒಂದು ಹೊಸ ಅಂಶ ಸೇರಿಕೊಳ್ಳುತ್ತದೆ. ಅಲ್ಲಿ ಕಡಲು ತಾನೇ ದೀಪ. 28 ಡಿಗ್ರಿ ಸೆಲ್ಸಿಯಸ್ ನೀರು 10 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಚೆನ್ನಾಗಿಯೇ ಬೆಳಗುತ್ತದೆ. ಒಂದು ಮೇಲ್ಮೈ ಯಾವ ಕಂಪನವನ್ನು ಚೆನ್ನಾಗಿ ಪ್ರತಿಫಲಿಸುತ್ತದೋ ಅದನ್ನು ಕಡಿಮೆ ಹೊಮ್ಮಿಸುತ್ತದೆ. ನೀರು ಅಡ್ಡ ಕಂಪನವನ್ನು ಜಾಸ್ತಿ ಪ್ರತಿಫಲಿಸುತ್ತದೆ. ಹಾಗಾಗಿ ಅದು ಹೊಮ್ಮಿಸುವ ಶಾಖದಲ್ಲಿ ನಿಲುವು ಕಂಪನ ಜಾಸ್ತಿ. ಅಂದರೆ ಆಕಾಶದ ಪ್ರತಿಫಲನ ಅಡ್ಡಕ್ಕೆ ಎಳೆಯುತ್ತದೆ, ನೀರಿನ ಸ್ವಂತ ಶಾಖ ನಿಲುವಿಗೆ ಎಳೆಯುತ್ತದೆ.

ಲೆಕ್ಕ ನೋಡಿ. 10 ಮೈಕ್ರೋಮೀಟರ್‌ನಲ್ಲಿ ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.22. ನೇರ ಕೆಳಗೆ ನೋಡುವುದು 0 ಡಿಗ್ರಿ, ದಿಗಂತದ ಕಡೆ ನೋಡುವುದು 90 ಡಿಗ್ರಿ ಅಂತ ಇಟ್ಟುಕೊಳ್ಳೋಣ. ನೇರ ಕೆಳಗೆ ನೋಡಿದರೆ ನೀರು ಪ್ರತಿಫಲಿಸುವುದು ಬರೀ 1 ಶೇಕಡ, ಧ್ರುವೀಕರಣ ಇಲ್ಲ. 50 ಡಿಗ್ರಿಯಲ್ಲಿ ಅಡ್ಡ ಕಂಪನದ ಸುಮಾರು 4 ಶೇಕಡ ಪ್ರತಿಫಲನ, ನಿಲುವಿನದು ಹೆಚ್ಚುಕಡಿಮೆ ಸೊನ್ನೆ. 80 ಡಿಗ್ರಿಗೆ ಬಂದರೆ ಅಡ್ಡದ್ದು 37 ಶೇಕಡ, ನಿಲುವಿನದು 22 ಶೇಕಡ. ನಡುವಿನ ಅಂತರ 15 ಶೇಕಡ.

ಇದರಿಂದ ಒಂದು ಸರಳ ಸೂತ್ರ ಸಿಗುತ್ತದೆ. ನಿಲುವು ಕಂಪನವನ್ನು ಮಾತ್ರ ಹಿಡಿದದ್ದು ನಿಲುವು ಚಿತ್ರ, ಅಡ್ಡ ಕಂಪನವನ್ನು ಮಾತ್ರ ಹಿಡಿದದ್ದು ಅಡ್ಡ ಚಿತ್ರ. ನಿಲುವು ಚಿತ್ರದಲ್ಲಿ ಕಾಣುವ ತಾಪದಿಂದ ಅಡ್ಡ ಚಿತ್ರದಲ್ಲಿ ಕಾಣುವ ತಾಪವನ್ನು ಕಳೆಯಿರಿ. ಉತ್ತರ ಸುಮಾರಾಗಿ ಇಷ್ಟಿರುತ್ತದೆ: ಎರಡು ಪ್ರತಿಫಲನಗಳ ಅಂತರ ಗುಣಿಸು ನೀರು ಮತ್ತು ಆಕಾಶದ ತಾಪಗಳ ಅಂತರ. 80 ಡಿಗ್ರಿಯಲ್ಲಿ, ನೀರಿಗಿಂತ ಆಕಾಶ 20 ಡಿಗ್ರಿ ತಣ್ಣಗಿದ್ದರೆ 0.15 ಗುಣಿಸು 20, ಅಂದರೆ 3 ಡಿಗ್ರಿ. ಇದು ಸಾಧಾರಣ ಕ್ಯಾಮೆರಾಕ್ಕೂ ಸಿಗುವಷ್ಟು ದೊಡ್ಡದು. ಅದೇ ಮೋಡ ಕವಿದು, ಆಕಾಶದ ತಾಪ ನೀರಿನ ಹತ್ತಿರ ಬಂದರೆ? ಉತ್ತರ ಸೊನ್ನೆ. ನೀರು ಅದೇ, ಹಡಗು ಅದೇ, ಕ್ಯಾಮೆರಾವೂ ಅದೇ. ಆದರೂ ಚಿತ್ರದಲ್ಲಿ ಏನೂ ಇರುವುದಿಲ್ಲ. ಆಕಾಶವನ್ನು ಅಳೆಯಲೇಬೇಕು ಅಂದದ್ದು ಇದಕ್ಕೇ.

ಹಂತ 2: ಯಾವ ತರಂಗಾಂತರದ ಪಟ್ಟಿ ಎಂದು ತೀರ್ಮಾನಿಸಿ

ಎರಡು ಆಯ್ಕೆಗಳಿವೆ. 3ರಿಂದ 5 ಮೈಕ್ರೋಮೀಟರ್‌ನದು ಮಧ್ಯಮ ಅಲೆ, 8ರಿಂದ 14ರದು ಉದ್ದ ಅಲೆ. ಮಧ್ಯಮ ಅಲೆಯ ಒಳ್ಳೆಯ ಕ್ಯಾಮೆರಾಗಳಿಗೆ ಶೀತಕ ಯಂತ್ರ ಬೇಕು, ಬೆಲೆ ವಿಪರೀತ. ಹಗಲಿನಲ್ಲಿ ಅವುಗಳಿಗೆ ಅಲೆಗಳ ಮೇಲಿನ ಬಿಸಿಲಿನ ಹೊಳಪೂ ದೊಡ್ಡ ತಲೆನೋವು. ಆ ಹೊಳಪಿನಲ್ಲಿ ಅಡ್ಡ ಕಂಪನ ಜಾಸ್ತಿ. ಹಾಗಾಗಿ ನಿಲುವು ಕಂಪನವನ್ನು ಮಾತ್ರ ಬಿಡುವ ಸೋಸುಕ ಹಾಕಿದರೆ ಹೊಳಪು ಇಳಿದು ಹಡಗು ಎದ್ದು ಕಾಣುತ್ತದೆ. ನೌಕಾ ಸಂಶೋಧಕರು ಈ ವಿಷಯದ ಬೆನ್ನು ಹತ್ತಿದ್ದಕ್ಕೆ ಒಂದು ಮುಖ್ಯ ಕಾರಣ ಇದು.

ಉದ್ದ ಅಲೆಯಲ್ಲಿ ಸೂರ್ಯನ ಪಾಲು ತೀರಾ ಕಡಿಮೆ. ತಂಪು ಮಾಡಬೇಕಿಲ್ಲದ ಮೈಕ್ರೋಬೋಲೋಮೀಟರ್ (ಶಾಖ ಬಿದ್ದಾಗ ವಿದ್ಯುತ್ ರೋಧ ಬದಲಾಗುವ ಪುಟ್ಟ ಸೆನ್ಸರ್) ಕ್ಯಾಮೆರಾಗಳು ಇಲ್ಲಿ ಕೆಲಸ ಮಾಡುತ್ತವೆ. ಹೊಸಬರಿಗೆ ನನ್ನ ಸಲಹೆ ಉದ್ದ ಅಲೆಯೇ.

ಹಂತ 3: ಸಾಮಾನು ಜೋಡಿಸಿ

ಕ್ಯಾಮೆರಾ ಕೊಳ್ಳುವಾಗ ನೋಡಬೇಕಾದದ್ದು ಬಣ್ಣಬಣ್ಣದ ಚಿತ್ರವನ್ನಲ್ಲ. ಪ್ರತಿ ಪಿಕ್ಸೆಲ್‌ನ ಕಚ್ಚಾ ಅಂಕಿ, ಸಾಮಾನ್ಯವಾಗಿ 14 ಅಥವಾ 16 ಬಿಟ್‌ನದು, ಕಂಪ್ಯೂಟರಿಗೆ ಸಿಗಬೇಕು. ತಾನಾಗಿ ಹೊಳಪು ಹೊಂದಿಸಿಕೊಂಡು ಜೆಪೆಗ್ ಮಾತ್ರ ಕೊಡುವ ಕ್ಯಾಮೆರಾ ಈ ಕೆಲಸಕ್ಕೆ ಆಗುವುದಿಲ್ಲ.

ಎಷ್ಟು ದೂರದ ಹಡಗನ್ನು ನೋಡಬೇಕು ಎಂಬುದನ್ನೂ ಮೊದಲೇ ಲೆಕ್ಕ ಹಾಕಿ. ಫ್ಲಿರ್ ಲೆಪ್ಟಾನ್ 3.5 ಎಂಬ ಪುಟ್ಟ ಕ್ಯಾಮೆರಾ ವಿದ್ಯಾರ್ಥಿಗಳಿಗೆ ಪರಿಚಿತ. ಅದರಲ್ಲಿ ಅಗಲಕ್ಕೆ 160 ಪಿಕ್ಸೆಲ್, ನೋಟ 57 ಡಿಗ್ರಿ. 5 ಕಿಲೋಮೀಟರ್ ದೂರದ 200 ಮೀಟರ್ ಉದ್ದದ ಹಡಗು ಅದರಲ್ಲಿ ಸುಮಾರು 6 ಪಿಕ್ಸೆಲ್ ಆಗುತ್ತದೆ. 2 ಕಿಲೋಮೀಟರ್ ದೂರದ 15 ಮೀಟರ್ ದೋಣಿ ಬರೀ ಒಂದು ಪಿಕ್ಸೆಲ್. ಅದೇ 12 ಮೈಕ್ರೋಮೀಟರ್ ಪಿಕ್ಸೆಲ್‌ನ ಕ್ಯಾಮೆರಾಕ್ಕೆ 50 ಮಿಲಿಮೀಟರ್ ಮಸೂರ ಹಾಕಿದರೆ ಆ ದೋಣಿ 31 ಪಿಕ್ಸೆಲ್ ಆಗುತ್ತದೆ. ಲೆಪ್ಟಾನ್ ಕಲಿಯಲು ಒಳ್ಳೆಯದು, ಹತ್ತಿರದ ನೀರಿಗೂ ಸಾಕು. ಹಡಗಿಗೆ ಉದ್ದ ಮಸೂರ ಬೇಕೇ ಬೇಕು.

ಮುಖ್ಯ ವಸ್ತು ಧ್ರುವಕ, ಅಂದರೆ ಪೋಲರೈಸರ್. ಫೋಟೋ ಅಂಗಡಿಯಲ್ಲಿ ಸಿಗುವ ಪೋಲರೈಸರ್ ಗಾಜಿನದು. ಉದ್ದ ಅಲೆಗೆ ಗಾಜು ಗೋಡೆ ಇದ್ದ ಹಾಗೆ, ಏನೂ ಒಳಗೆ ಹೋಗುವುದಿಲ್ಲ. ನಮಗೆ ಬೇಕಾದದ್ದು ತಂತಿಜಾಲದ ಧ್ರುವಕ: ಜರ್ಮೇನಿಯಂ, ಜಿಂಕ್ ಸೆಲಿನೈಡ್ ಅಥವಾ ಬೇರಿಯಂ ಫ್ಲೋರೈಡ್ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಗೆರೆಗಳು. ಕೆಆರ್‌ಎಸ್-5 ಎಂಬ ಬಿಲ್ಲೆಯೂ ಸಿಗುತ್ತದೆ. ಅದರಲ್ಲಿ ಥ್ಯಾಲಿಯಂ ಇದೆ, ಅದು ವಿಷ. ಕೈಗವಸಿಲ್ಲದೆ ಮುಟ್ಟಬೇಡಿ. ಯಾವ ತಂತಿಜಾಲವನ್ನೇ ಆಗಲಿ ಬಟ್ಟೆಯಿಂದ ಒರೆಸಬೇಡಿ. ಒಮ್ಮೆ ಉಜ್ಜಿದರೆ ಗೆರೆಗಳು ಹೋದವು ಅಂತಲೇ ಲೆಕ್ಕ. ರಬ್ಬರ್ ಊದುಕದಿಂದ ಗಾಳಿ ಹೊಡೆದರೆ ಸಾಕು. ಬೆಲೆಗೂ ಸಿದ್ಧವಾಗಿರಿ. ಎಷ್ಟೋ ಸಲ ಧ್ರುವಕವೇ ಕ್ಯಾಮೆರಾಗಿಂತ ದುಬಾರಿಯಾಗುತ್ತದೆ. ಕಾಲೇಜುಗಳು ಎರಡು ಮೂರು ವಿಭಾಗ ಸೇರಿ ಕೊಂಡರೆ ಹೊರೆ ಕಡಿಮೆ.

ಧ್ರುವಕವನ್ನು ಮಸೂರದ ಮುಂದೆ ತಿರುಗುವ ಉಂಗುರದಲ್ಲಿ ಕೂರಿಸಿ. ಉಂಗುರದ ಮೇಲೆ 0, 45, 90, 135 ಡಿಗ್ರಿಗಳ ಗುರುತು ಇರಲಿ. ಒಂದು ಎಚ್ಚರ: ತಂತಿಜಾಲ ತನ್ನ ಗೆರೆಗಳಿಗೆ ಲಂಬವಾದ ಕಂಪನವನ್ನು ಒಳಗೆ ಬಿಡುತ್ತದೆ. ಗೆರೆಗಳು ನಿಲುವಾಗಿದ್ದರೆ ದಾಟುವುದು ಅಡ್ಡ ಕಂಪನ. ಇನ್ನೊಂದು, ಧ್ರುವಕವನ್ನು ಮಸೂರಕ್ಕೆ ಸಮಾನಾಂತರವಾಗಿ ಇಟ್ಟರೆ ಕ್ಯಾಮೆರಾದ ಸ್ವಂತ ಶಾಖವೇ ಅದರಲ್ಲಿ ಪುಟಿದು ಚಿತ್ರದ ನಡುವೆ ಕಲೆಯಾಗಿ ಕೂರುತ್ತದೆ. ಕೆಲವು ಡಿಗ್ರಿ ಓರೆ ಮಾಡಿದರೆ ಆ ಕಲೆ ಪಕ್ಕಕ್ಕೆ ಸರಿಯುತ್ತದೆ.

ಗಟ್ಟಿಯಾದ ಟ್ರೈಪಾಡ್, ನೀರಿನ ತಾಪಕ್ಕೆ ಥರ್ಮಾಮೀಟರ್, ಗಾಳಿಯ ವೇಗ ಅಳೆಯುವ ಸಣ್ಣ ಉಪಕರಣ, ಒಂದು ನೋಟ್‌ಬುಕ್. ಉಳಿದದ್ದೆಲ್ಲ ಇಷ್ಟೇ.

ಹಂತ 4: ಮನೆಯೊಳಗೆ ಪರೀಕ್ಷಿಸಿ

ಈ ಹಂತವನ್ನು ಬಿಟ್ಟು ಸೀದಾ ಕಡಲಿಗೆ ಓಡಬೇಡಿ. ಇಲ್ಲಿ ಒಂದು ಮಧ್ಯಾಹ್ನ ಕಳೆದರೆ ಕಡಲ ತೀರದಲ್ಲಿ ಎಷ್ಟೋ ದಿನ ಉಳಿಯುತ್ತದೆ.

ಕ್ಯಾಮೆರಾವನ್ನು ಅರ್ಧ ಗಂಟೆ ಚಾಲೂ ಮಾಡಿಟ್ಟು ಅದರ ಒಳಗಿನ ತಾಪ ನೆಲೆಗೊಳ್ಳಲು ಬಿಡಿ. ಎರಡು ಬಕೆಟ್ ನೀರು ತೆಗೆದುಕೊಳ್ಳಿ. ಒಂದು ಕೋಣೆಯ ತಾಪದ್ದು, ಇನ್ನೊಂದು ಸುಮಾರು 40 ಡಿಗ್ರಿಯದು. ಮೇಲಿನಿಂದ ನೇರ ಕೆಳಗೆ ನೋಡಿದರೆ ನೀರು ತನ್ನ ಮೇಲೆ ಬಿದ್ದ ಶಾಖದಲ್ಲಿ ಸುಮಾರು 99 ಶೇಕಡ ಹೀರಿಕೊಳ್ಳುವ, ಧ್ರುವೀಕರಣವೇ ಇಲ್ಲದ ಗುರಿ. ದುಬಾರಿ ಕಪ್ಪುಕಾಯದ (ಥರ್ಮಲ್ ಕ್ಯಾಮೆರಾ ಹೊಂದಿಸಲು ಬಳಸುವ ಮಾದರಿ ಗುರಿ) ಬದಲು ಇದು ಧಾರಾಳವಾಗಿ ಸಾಕು. ಚಿತ್ರ ತೆಗೆಯುವ ಮುನ್ನ ಪ್ರತಿ ಸಲ ನೀರನ್ನು ಕಲಕಿ. ಇಲ್ಲವಾದರೆ ಆವಿಯಾಗುತ್ತಾ ಮೇಲ್ಪದರ ತಣ್ಣಗಾಗಿರುತ್ತದೆ, ಥರ್ಮಾಮೀಟರ್ ಹೇಳುವುದೇ ಬೇರೆ, ಕ್ಯಾಮೆರಾ ನೋಡುವುದೇ ಬೇರೆ. ಬಿಸಿ ಬಕೆಟ್‌ನ ಆವಿ ಮಸೂರಕ್ಕೆ ಬಡಿಯದಂತೆ ದೂರ ಇಡಿ.

ಎರಡೂ ಬಕೆಟ್‌ಗಳನ್ನು ನಾಲ್ಕೂ ಕೋನಗಳಲ್ಲಿ ತೆಗೆಯಿರಿ. ಪ್ರತಿ ಕೋನಕ್ಕೂ ಕಚ್ಚಾ ಅಂಕಿಯನ್ನು ತಾಪಕ್ಕೆ ಬದಲಿಸುವ ನೇರ ಗೆರೆ ಎಳೆಯಿರಿ. ಇದು ಬರೀ ಅಚ್ಚುಕಟ್ಟಿಗಾಗಿ ಅಲ್ಲ. ಮೈಕ್ರೋಬೋಲೋಮೀಟರ್‌ನ ಅಂಕಿಗಳಿಗೆ ನಿಜವಾದ ಸೊನ್ನೆ ಇರುವುದಿಲ್ಲ. ಜೊತೆಗೆ ಧ್ರುವಕ ತನ್ನದೇ ಶಾಖವನ್ನು ಸೇರಿಸುತ್ತದೆ. ಕಚ್ಚಾ ಅಂಕಿಗಳಿಂದಲೇ ಶೇಕಡಾವಾರು ಧ್ರುವೀಕರಣ ಲೆಕ್ಕ ಹಾಕಿದರೆ ಬರುವ ಸಂಖ್ಯೆಗೆ ಯಾವ ಅರ್ಥವೂ ಇಲ್ಲ.

ಈಗ ಮಜವಾದ ಭಾಗ. ಅಗಲವಾದ ಪರಾತಕ್ಕೆ 60 ಡಿಗ್ರಿಯ ನೀರು ಹಾಕಿ. ಕ್ಯಾಮೆರಾವನ್ನು ತಗ್ಗಿಸಿ 75 ಡಿಗ್ರಿ ಓರೆಯಲ್ಲಿ ನೋಡಿ. ಕೋಣೆ 27 ಡಿಗ್ರಿ ಇದ್ದರೆ ನಿಲುವು ಚಿತ್ರದಲ್ಲಿ ನೀರು ಅಡ್ಡ ಚಿತ್ರಕ್ಕಿಂತ ಸುಮಾರು 4 ಡಿಗ್ರಿ ಬಿಸಿಯಾಗಿ ಕಾಣಬೇಕು. ಇಲ್ಲಿ ಕೋಣೆಯ ಗೋಡೆಯೇ ನಿಮ್ಮ ಆಕಾಶ. ನೀರು ತಣಿಯುತ್ತಾ ಬಂದಂತೆ ಈ ಅಂತರ ಕುಗ್ಗುತ್ತದೆ. ನೀರು, ಗೋಡೆ ಒಂದೇ ತಾಪಕ್ಕೆ ಬಂದಾಗ ಅಂತರ ಮಾಯ. ಕೊನೆಗೆ ಒಂದು ಬಿಸಿ ಕಾವಲಿಯನ್ನು ಅದರ ಬಿಂಬ ನೀರಿನಲ್ಲಿ ಕಾಣುವಂತೆ ಹಿಂದೆ ನಿಲ್ಲಿಸಿ. ಅಂತರ ತಿರುಗಿಬೀಳುತ್ತದೆ, ಅಡ್ಡ ಚಿತ್ರ ಬಿಸಿಯಾಗುತ್ತದೆ. ಈ ಮೂರನ್ನೂ ಕಣ್ಣಾರೆ ಕಂಡವರಿಗೆ ಕಡಲಿನ ಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ. ವಿದ್ಯಾರ್ಥಿಗಳಿಗೆ ಕಲಿಸುವವರು ಇದನ್ನು ಖಂಡಿತ ಮಾಡಿ ತೋರಿಸಿ.

ಇನ್ನೊಂದು ತಾಳೆ ಇದೆ. 0 ಮತ್ತು 90ರ ಚಿತ್ರಗಳ ಮೊತ್ತ, 45 ಮತ್ತು 135ರ ಮೊತ್ತಕ್ಕೆ ಸಮ ಇರಬೇಕು. ಇಲ್ಲದಿದ್ದರೆ ಗುರುತುಗಳು ತಪ್ಪಿವೆ, ಅಥವಾ ನಡುವೆ ಕ್ಯಾಮೆರಾದ ತಾಪ ಬದಲಾಗಿದೆ.

ಹಂತ 5: ಜಾಗ ಮತ್ತು ಹೊತ್ತು ಆರಿಸಿ

ಕರ್ನಾಟಕದ ಕರಾವಳಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಪಣಂಬೂರು, ಸುರತ್ಕಲ್ ಸುತ್ತಮುತ್ತ. ನವಮಂಗಳೂರು ಬಂದರಿನ ಒಳಗೆ ಹೋಗಲು ಸರದಿ ಕಾಯುವ ಹಡಗುಗಳು ಹೊರಗಡೆ ಲಂಗರು ಹಾಕಿ ನಿಂತಿರುತ್ತವೆ. ನಿಂತ ಹಡಗು ಅಂದರೆ ನಮಗೆ ವರ. ನಾಲ್ಕು ಕೋನ ತಿರುಗಿಸುವಷ್ಟರಲ್ಲಿ ಅದು ಎಲ್ಲೂ ಹೋಗುವುದಿಲ್ಲ, ಅಲ್ವಾ. ಸಣ್ಣ ದೋಣಿಗಳು ಬೇಕಾದರೆ ಮಲ್ಪೆ ಕಡೆ ಹೋಗಬಹುದು.

ನಿಲ್ಲುವ ಎತ್ತರಕ್ಕೆ ಗಮನ ಕೊಡಿ. 10 ಮೀಟರ್ ಎತ್ತರದಲ್ಲಿ ನಿಂತರೆ ನೀರಿನ ಮೇಲೆ 80 ಡಿಗ್ರಿ ಓರೆ ಸಿಗುವುದು ಬರೀ 57 ಮೀಟರ್ ದೂರದಲ್ಲಿ. ಅಲ್ಲಿ ನೊರೆ ಇರುತ್ತದೆ. ಒಂದು ಕಿಲೋಮೀಟರ್ ಆಚೆ ಓರೆ 89 ಡಿಗ್ರಿ ದಾಟಿರುತ್ತದೆ. ಕಾಗದದ ಲೆಕ್ಕದಂತೆ ಅಲ್ಲಿ ನೀರು ಬಹುತೇಕ ಕನ್ನಡಿ ಆಗಬೇಕು. ಹಾಗೆ ಆಗುವುದಿಲ್ಲ, ಯಾಕೆಂದರೆ ಅಲೆಗಳಿವೆ. ನಮಗೆ ಕಾಣುವುದು ನಮ್ಮ ಕಡೆಗೆ ವಾಲಿದ ಅಲೆಯ ಮೈ ಮಾತ್ರ, ಆಚೆ ಮೈ ಮರೆಯಾಗಿರುತ್ತದೆ. ಕಾಕ್ಸ್ ಮತ್ತು ಮಂಕ್ ಎಂಬ ಇಬ್ಬರು ಸಾಗರವಿಜ್ಞಾನಿಗಳು ಹವಾಯಿ ಬಳಿ ವಿಮಾನದಿಂದ ತೆಗೆದ ಬಿಸಿಲ ಹೊಳಪಿನ ಫೋಟೋಗಳಿಂದ ಅಲೆಗಳ ವಾಲುವಿಕೆಯನ್ನು ಲೆಕ್ಕ ಹಾಕಿ 1954ರಲ್ಲಿ ಪ್ರಕಟಿಸಿದರು. ಇವತ್ತಿಗೂ ಅದೇ ಲೆಕ್ಕ ಚಾಲ್ತಿಯಲ್ಲಿದೆ. ಅದರಂತೆ ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ ವಾಲು ಸುಮಾರು 10 ಡಿಗ್ರಿ, 10 ಮೀಟರ್ ಇದ್ದರೆ ಸುಮಾರು 13 ಡಿಗ್ರಿ. ಹಾಗಾಗಿ ದೂರದ ಕಡಲು ನಿಜಕ್ಕೂ 75ರಿಂದ 80 ಡಿಗ್ರಿ ಓರೆಯ ನೀರಿನಂತೆ ವರ್ತಿಸುತ್ತದೆ. ಗಾಳಿ ಜೋರಾದಷ್ಟೂ ವಾಲುಗಳು ಎಲ್ಲ ದಿಕ್ಕಿಗೂ ಹರಡಿ ಧ್ರುವೀಕರಣ ಮಂಕಾಗುತ್ತದೆ. ಮಂದ ಗಾಳಿಯ ದಿನ ಆರಿಸಿಕೊಳ್ಳಿ. ಸಿಗುವುದಾದರೆ 20, 30 ಮೀಟರ್ ಎತ್ತರದ ದಿಬ್ಬ ಇನ್ನೂ ಒಳ್ಳೆಯದು.

ಕಾಲ ಯಾವುದು? ಡಿಸೆಂಬರ್‌ನಿಂದ ಫೆಬ್ರವರಿ. ಆಕಾಶ ತಿಳಿ, ತೇವ ಕಡಿಮೆ, ಹಾಗಾಗಿ ಆಕಾಶ ಥರ್ಮಲ್ ಕ್ಯಾಮೆರಾಕ್ಕೆ ತಣ್ಣಗೆ ಕಾಣುತ್ತದೆ. ಮಳೆಗಾಲದಲ್ಲಿ ಮೋಡದ ತಳ ಬೆಚ್ಚಗಿರುತ್ತದೆ, ಅಂತರ ಸಾಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವೂ ಇರುವುದರಿಂದ ಆಗ ದೋಣಿಗಳೂ ಅಪರೂಪ. ನಮ್ಮ ಕಡಲು ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ, ಸಂಜೆ ಎದುರಿಗೆ. ನಸುಕಿನಲ್ಲಿ ಶುರು ಮಾಡಿ ಸೂರ್ಯ ಏರಿ ಒಂದೆರಡು ಗಂಟೆಯವರೆಗೆ ಮುಂದುವರಿಸಿ. ಹಡಗಿನ ಮೈ ನೀರಿನ ತಾಪವನ್ನು ದಾಟುವ ಹೊತ್ತು ಇದರಲ್ಲೇ ಸಿಗುತ್ತದೆ. ಈ ವಿಧಾನದ ಬೆಲೆ ಗೊತ್ತಾಗುವುದು ಆ ಹೊತ್ತಿನಲ್ಲೇ.

ಅನುಮತಿಯ ವಿಷಯ ಸುಮ್ನೆ ಬಿಡುವಂಥದ್ದಲ್ಲ. ಬಂದರು ಸೂಕ್ಷ್ಮ ಪ್ರದೇಶ. ಟ್ರೈಪಾಡ್ ಮೇಲೆ ಥರ್ಮಲ್ ಕ್ಯಾಮೆರಾ ಹೂಡಿ ಹಡಗುಗಳತ್ತ ತಿರುಗಿಸಿದರೆ ಯಾರಿಗಾದರೂ ಅನುಮಾನ ಬರುವುದು ಸಹಜ. ಕಾಲೇಜಿನ ಪತ್ರದೊಂದಿಗೆ ಬಂದರು ಅಧಿಕಾರಿಗಳಿಗೂ ಕರಾವಳಿ ಕಾವಲು ಪೊಲೀಸರಿಗೂ ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯಿರಿ. ಕಾರವಾರದ ಕದಂಬ ನೌಕಾನೆಲೆಯ ಕಡೆಗಾಗಲೀ, ಎಲ್ಲೇ ಆದರೂ ಯುದ್ಧನೌಕೆಗಳ ಕಡೆಗಾಗಲೀ ಕ್ಯಾಮೆರಾ ತಿರುಗಿಸಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂಥದ್ದಕ್ಕೇ ಇದೆ.

ಹಂತ 6: ಚಿತ್ರ ತೆಗೆಯುವ ಕ್ರಮ

ತಿರುಗುವ ಧ್ರುವಕದ ದೊಡ್ಡ ಕೊರತೆ ಸಮಯ. 0 ಡಿಗ್ರಿಯಲ್ಲಿ ಕಂಡ ಅಲೆ 45ಕ್ಕೆ ತಿರುಗಿಸುವಷ್ಟರಲ್ಲಿ ಅಲ್ಲಿರುವುದಿಲ್ಲ. ಒಂದೊಂದೇ ಫ್ರೇಮ್ ಕಳೆದರೆ ಬರುವುದು ಧ್ರುವೀಕರಣ ಅಲ್ಲ, ಅಲೆಗಳ ಓಡಾಟ. ಪ್ರತಿ ಪಿಕ್ಸೆಲ್ ಮೇಲೂ ಬೇರೆ ಬೇರೆ ಧ್ರುವಕ ಕೆತ್ತಿದ ಕ್ಯಾಮೆರಾಗಳಲ್ಲಿ ನಾಲ್ಕೂ ಕೋನ ಒಂದೇ ಕ್ಷಣಕ್ಕೆ ಸಿಗುತ್ತವೆ. ಕಾಣುವ ಬೆಳಕಿಗೆ ಸೋನಿಯ ಇಂಥ ಸೆನ್ಸರ್ ಸುಲಭವಾಗಿ ಸಿಗುತ್ತದೆ, ಉದ್ದ ಅಲೆಯದು ದುಬಾರಿ. ನಮ್ಮಂಥವರ ಉಪಾಯ ಸರಾಸರಿ.

ಪ್ರತಿ ಕೋನದಲ್ಲೂ 20ರಿಂದ 30 ಸೆಕೆಂಡ್ ವಿಡಿಯೋ ತೆಗೆದು ಸರಾಸರಿ ಮಾಡಿ. ಅಷ್ಟು ಹೊತ್ತಿನಲ್ಲಿ ಹಲವು ಅಲೆಗಳು ದಾಟಿ ಹೋಗುತ್ತವೆ. ಕ್ರಮ ಹೀಗಿರಲಿ: 0, 45, 90, 135, ಮತ್ತೆ 0. ಮೊದಲ 0 ಮತ್ತು ಕೊನೆಯ 0 ನಡುವಿನ ವ್ಯತ್ಯಾಸವೇ ನಿಮ್ಮ ತಪ್ಪಿನ ಅಳತೆ. ನಿಮಗೆ ಸಿಕ್ಕ ಧ್ರುವೀಕರಣ ಇದಕ್ಕಿಂತ ಚಿಕ್ಕದಿದ್ದರೆ ಆ ಸರಣಿಯನ್ನು ಕೈಬಿಡಿ. ಹೊಟ್ಟೆ ಉರಿದರೂ ಸರಿ, ಬಿಡಿ.

ಥರ್ಮಲ್ ಕ್ಯಾಮೆರಾ ಆಗಾಗ ತನ್ನ ಒಳಪರದೆ ಮುಚ್ಚಿ ಟಕ್ ಅಂತ ಸದ್ದು ಮಾಡಿ ಸೊನ್ನೆ ಹೊಂದಿಸಿಕೊಳ್ಳುತ್ತದೆ. ಇದು ವಿಡಿಯೋ ನಡುವೆ ಆದರೆ ಅಂಕಿಗಳು ಜಿಗಿಯುತ್ತವೆ. ತಾನಾಗಿ ನಡೆಯುವುದನ್ನು ನಿಲ್ಲಿಸಿ, ಪ್ರತಿ ಕೋನಕ್ಕೂ ಮುಂಚೆ ನೀವೇ ಮಾಡಿಸಿ.

ಇನ್ನು ಆಕಾಶ. ಪ್ರತಿ ಸರಣಿಯ ಹಿಂದೆಯೇ ಕ್ಯಾಮೆರಾ ಮೇಲೆತ್ತಿ ದಿಗಂತದಿಂದ 5, 10, 20, 30 ಡಿಗ್ರಿ ಎತ್ತರಗಳಲ್ಲಿ ಆಕಾಶದ ತಾಪ ಬರೆದುಕೊಳ್ಳಿ. ದೂರದ ನೀರಿನಲ್ಲಿ ಬಿಂಬವಾಗುವುದು ದಿಗಂತದ ಅಂಚಿನ ಆಕಾಶ ಅಲ್ಲ. ಅಲೆ 10 ಡಿಗ್ರಿ ವಾಲಿದ್ದರೆ 20 ಡಿಗ್ರಿ ಎತ್ತರದ ಆಕಾಶ ಅದರಲ್ಲಿ ಕಾಣುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ದಿಗಂತದ ಆಕಾಶ ಗಾಳಿಯಷ್ಟೇ ಬೆಚ್ಚಗಿರುತ್ತದೆ, ಮೇಲೆ ಹೋದಂತೆ ಬೇಗ ತಣ್ಣಗಾಗುತ್ತದೆ. ಈ ಇಳಿಜಾರು ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ನಿಲ್ಲದು. ನೀರಿನ ತಾಪ, ಗಾಳಿಯ ತಾಪ, ವೇಗ, ತೇವ, ಮೋಡ, ಹೊತ್ತು ಎಲ್ಲವನ್ನೂ ಅಲ್ಲೇ ಬರೆಯಿರಿ.

ಹಂತ 7: ಲೆಕ್ಕ

ಪೈಥಾನ್ ಗೊತ್ತಿದ್ದರೆ ಇದು ಹತ್ತಿಪ್ಪತ್ತು ಸಾಲಿನ ಕೆಲಸ. 1852ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಕೊಟ್ಟ ಅಳತೆಗಳನ್ನೇ ಬಳಸುತ್ತೇವೆ. ನಾಲ್ಕೂ ಚಿತ್ರಗಳ ಮೊತ್ತದ ಅರ್ಧ ಎಸ್0. 0ರ ಚಿತ್ರದಿಂದ 90ರದನ್ನು ಕಳೆದರೆ ಎಸ್1. 45ರದರಿಂದ 135ರದನ್ನು ಕಳೆದರೆ ಎಸ್2. ಅಡ್ಡ ಕಂಪನವನ್ನು 0 ಅಂತ ಇಟ್ಟಿದ್ದರೆ, ನೀರಿನ ಸ್ವಂತ ಶಾಖ ಗೆದ್ದಾಗ ಎಸ್1 ಋಣ, ಪ್ರತಿಫಲನ ಗೆದ್ದಾಗ ಧನ. ಎಸ್1 ಮತ್ತು ಎಸ್2ರ ವರ್ಗಗಳ ಮೊತ್ತಕ್ಕೆ ವರ್ಗಮೂಲ ತೆಗೆದು ಎಸ್0ದಿಂದ ಭಾಗಿಸಿದರೆ ಧ್ರುವೀಕರಣದ ಪ್ರಮಾಣ. ಎಸ್2 ಭಾಗಿಸು ಎಸ್1ರ ಆರ್ಕ್‌ಟ್ಯಾನ್‌ನ ಅರ್ಧ ಧ್ರುವೀಕರಣದ ಕೋನ. ಭಾಗಾಕಾರ ನೀವೇ ಮಾಡದೆ ಎರಡೂ ಸಂಖ್ಯೆಗಳನ್ನು ತೆಗೆದುಕೊಳ್ಳುವ ಆರ್ಕ್‌ಟ್ಯಾನ್2 ಬಳಸಿ, ಇಲ್ಲದಿದ್ದರೆ ಅಡ್ಡ, ನಿಲುವು ಕಲಸಿಹೋಗುತ್ತವೆ. ಪ್ರಮಾಣವನ್ನು ಶೇಕಡದಲ್ಲಿ ಹೇಳುವುದಾದರೆ ಮೊದಲು ತಾಪವನ್ನು ಪ್ಲಾಂಕ್ ಸೂತ್ರದಿಂದ ಶಾಖದ ಬೆಳಕಿನ ಅಳತೆಗೆ ತಿರುಗಿಸಿ. ಸೆಲ್ಸಿಯಸ್ ಅಂಕಿಯಿಂದ ಭಾಗಿಸಿದರೆ ಅರ್ಥವಿಲ್ಲ.

ಇಲ್ಲಿ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. ಹೊಸಬರು ಪ್ರಮಾಣದ ಚಿತ್ರಕ್ಕೆ ಮರುಳಾಗುತ್ತಾರೆ, ನೋಡಲು ಅದು ಚೆಂದ. ಆದರೆ ಅದರಲ್ಲಿ ವರ್ಗ ಮಾಡುವುದರಿಂದ ಗದ್ದಲ (ಅಳತೆಯಲ್ಲಿ ಸೇರಿಕೊಳ್ಳುವ ಅಡ್ಡಾದಿಡ್ಡಿ ಏರಿಳಿತ) ಯಾವಾಗಲೂ ಧನವಾಗಿಯೇ ಸೇರುತ್ತದೆ. ಧ್ರುವೀಕರಣವೇ ಇಲ್ಲದ ಕಡೆಯೂ ಸ್ವಲ್ಪ ಇದೆ ಎಂದು ಅದು ಹೇಳುತ್ತದೆ. ಎಸ್1 ಚಿತ್ರ ಹಾಗೆ ಸುಳ್ಳು ಹೇಳುವುದಿಲ್ಲ. ಗದ್ದಲ ಎರಡೂ ಕಡೆ ಬಿದ್ದು ಸರಾಸರಿಯಲ್ಲಿ ಕಳೆದುಹೋಗುತ್ತದೆ, ಯಾರು ಗೆದ್ದರು ಎಂಬ ಗುರುತೂ ಉಳಿಯುತ್ತದೆ. ಎಸ್1 ಅನ್ನು ಡಿಗ್ರಿ ಸೆಲ್ಸಿಯಸ್‌ನಲ್ಲೇ ತೋರಿಸಿ. ಹಂತ 1ರ ಸೂತ್ರದ ಜೊತೆ ನೇರವಾಗಿ ಹೋಲಿಸಬಹುದು, ಋಣ ಧನ ಗುರುತು ಮಾತ್ರ ತಿರುಗುಮುರುಗು.

ಹಂತ 8: ಚಿತ್ರವನ್ನು ಓದುವುದು

ತಿಳಿ ಆಕಾಶದ ಬೆಳಿಗ್ಗೆ ಕಡಲು ಎಸ್1ರಲ್ಲಿ ಒಂದೇ ಸಮನೆ ಋಣವಾಗಿ ಹಾಸಿಕೊಂಡಿರುತ್ತದೆ. ದಿಗಂತದ ಹತ್ತಿರ ಅದು ಕುಗ್ಗುವುದನ್ನು ನೋಡುತ್ತೀರಿ. ನಡುವಿನ ತೇವದ ಗಾಳಿಯೂ ಬೆಳಗುತ್ತದೆ, ಅದಕ್ಕೆ ಧ್ರುವೀಕರಣ ಇಲ್ಲ, ಹಾಗಾಗಿ ನೀರಿನ ಗುರುತನ್ನು ತೆಳು ಮಾಡುತ್ತದೆ. ನೊರೆ ಇರುವ ಕಡೆಯೂ ಎಸ್1 ಇಳಿಯುತ್ತದೆ.

ಹಡಗು ಈ ಹಾಸಿನಲ್ಲಿ ಒಂದು ತೂತಿನಂತೆ ಕಾಣುತ್ತದೆ. ಪಕ್ಕದಿಂದ ನೋಡಿದ ಹಡಗಿನ ಗೋಡೆಗೆ ನಾವು ಹೆಚ್ಚುಕಡಿಮೆ ಎದುರಾಗಿಯೇ ಇರುತ್ತೇವೆ, ಅಲ್ಲಿಂದ ಬರುವ ಶಾಖದಲ್ಲಿ ಧ್ರುವೀಕರಣ ಕಡಿಮೆ. ಹಡಗು ನಮ್ಮ ಕಡೆಗೆ ಮೂತಿ ತಿರುಗಿಸಿದ್ದರೆ ಕಥೆ ಬೇರೆ. ಆಗ ಗೋಡೆ ಓರೆಯಾಗಿ ಕಾಣುತ್ತದೆ. ಆದರೆ ಗೋಡೆ ನಿಂತಿದೆ, ನೀರು ಮಲಗಿದೆ. ಹಾಗಾಗಿ ಗೋಡೆ ಹೊಮ್ಮಿಸುವ ಶಾಖ ಅಡ್ಡಕ್ಕೆ ವಾಲುತ್ತದೆ, ನೀರಿನದು ನಿಲುವಿಗೆ. ತಾಪ ಒಂದೇ ಇದ್ದರೂ ಧ್ರುವೀಕರಣದ ಕೋನದಲ್ಲಿ ಎರಡೂ ಬೇರೆಯಾಗಿ ನಿಲ್ಲುತ್ತವೆ. ಮೊದಲ ಸಲ ಇದನ್ನು ಕಂಡಾಗ ನಿಜಕ್ಕೂ ಖುಷಿಯಾಗುತ್ತದೆ.

ಹಡಗಿನ ಬುಡದ ನೀರನ್ನೂ ನೋಡಿ. ಅಲ್ಲಿ ನೀರಿನಲ್ಲಿ ಬಿಂಬವಾಗಿರುವುದು ತಣ್ಣನೆ ಆಕಾಶ ಅಲ್ಲ, ಬೆಚ್ಚನೆ ಹಡಗು. ನೀರಿಗೂ ಬಿಂಬಕ್ಕೂ ತಾಪದ ಅಂತರ ಇಲ್ಲದ್ದರಿಂದ ಎಸ್1 ಸೊನ್ನೆಗೆ ಹತ್ತಿರ. ಹಾಗಾಗಿ ತೂತು ಹಡಗಿಗಿಂತ ಕೆಳಗೆ, ನಮ್ಮ ಕಡೆಗೆ ಚಾಚಿಕೊಂಡಿರುತ್ತದೆ. ಸಣ್ಣ ದೋಣಿಯನ್ನು ಹುಡುಕುವಾಗ ಇದು ಲಾಭ, ಗುರಿ ದೊಡ್ಡದಾಗುತ್ತದೆ. ಅಳತೆ ಹಾಕುವಾಗ ಮಾತ್ರ ಹಡಗಿನ ಎತ್ತರ ಅಂತ ಇದನ್ನೂ ಸೇರಿಸಿಬಿಡಬೇಡಿ.

ಹೊಗೆಕೊಳವೆಯ ಬಿಸಿ ಅನಿಲ ಸಾದಾ ಥರ್ಮಲ್ ಚಿತ್ರದಲ್ಲಿ ಕಣ್ಣು ಕುಕ್ಕುತ್ತದೆ. ಅನಿಲಕ್ಕೆ ಮೇಲ್ಮೈ ಇಲ್ಲ, ಧ್ರುವೀಕರಣವೂ ಇಲ್ಲ. ಎಸ್1ರಲ್ಲಿ ಅದು ಮಾಯವಾಗಬೇಕು. ಮಾಯವಾಗದೆ ಅಂಚುಗಳಲ್ಲಿ ಕಪ್ಪು ಬಿಳುಪು ಜೋಡಿ ಗೆರೆಗಳು ಕಂಡರೆ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶದಲ್ಲಿ ನಾಲ್ಕೂ ಚಿತ್ರಗಳನ್ನು ಹೊಂದಿಸಿ ಮತ್ತೆ ಕಳೆಯಿರಿ. ಧ್ರುವಕ ಓರೆ ಇರುವುದರಿಂದ ತಿರುಗಿಸಿದಾಗ ಚಿತ್ರ ತುಸು ಸರಿಯುವುದು ಸಾಮಾನ್ಯ.

ಮೋಡ ಕವಿದ ದಿನದ ಚಿತ್ರ ಖಾಲಿ ಬಂದರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ಬರೆದಿಟ್ಟ ಆಕಾಶದ ತಾಪ ನೋಡಿ. ನೀರಿನ ತಾಪದ ಹತ್ತಿರ ಇದ್ದರೆ ಖಾಲಿ ಚಿತ್ರವೇ ಸರಿಯಾದ ಉತ್ತರ.

ಎಣ್ಣೆ ಸೋರಿಕೆಗೂ ಇದೇ ವಿಧಾನ

ಕರಾವಳಿಯವರಿಗೆ ಈ ಬಳಕೆ ಹಡಗಿನಷ್ಟೇ ಮುಖ್ಯ ಅನ್ನಿಸುತ್ತದೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗ, 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಎಣ್ಣೆಯ ಆತಂಕ ದೊಡ್ಡದಾಗಿತ್ತು. ನೀರಿನ ಮೇಲೆ ತೇಲುವ ಎಣ್ಣೆ ರಾತ್ರಿ ಹೊತ್ತು ನೀರಿನ ತಾಪಕ್ಕೇ ಬಂದುಬಿಟ್ಟರೆ ಸಾದಾ ಥರ್ಮಲ್ ಕ್ಯಾಮೆರಾಕ್ಕೆ ಸಿಗುವುದಿಲ್ಲ.

ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.5, ನೀರಿನದು 1.22. 80 ಡಿಗ್ರಿ ಓರೆಯಲ್ಲಿ ಎಣ್ಣೆಯ ಅಡ್ಡ, ನಿಲುವು ಪ್ರತಿಫಲನಗಳ ಅಂತರ ನೀರಿನದರ ಸುಮಾರು ಎರಡು ಪಟ್ಟು. ಜೊತೆಗೆ ಎಣ್ಣೆ ಸಣ್ಣ ಅಲೆಗಳನ್ನು ಅಡಗಿಸಿ ಮೇಲ್ಮೈ ನಯ ಮಾಡುತ್ತದೆ. ಹಾಗಾಗಿ ತಿಳಿ ಆಕಾಶದ ಕೆಳಗೆ ಎಣ್ಣೆಯ ಪಟ್ಟೆ ಎಸ್1ರಲ್ಲಿ ಸುತ್ತಲ ನೀರಿಗಿಂತ ಹೆಚ್ಚು ಋಣವಾಗಿ ಎದ್ದು ಕಾಣುತ್ತದೆ. ಹಡಗು ತೂತಿನಂತೆ ಕಂಡರೆ ಎಣ್ಣೆ ಉಬ್ಬಿನಂತೆ ಕಾಣುತ್ತದೆ. ಕಾಮನಬಿಲ್ಲಿನ ಬಣ್ಣ ತೋರುವ ತೆಳು ಪೊರೆಯಲ್ಲಿ ಮಾತ್ರ ಇದು ಕಾಣದು, ಶಾಖದ ಅಲೆಗೆ ಆ ಪೊರೆ ಇದ್ದೂ ಇಲ್ಲದಂತೆ. ದಪ್ಪ ಎಣ್ಣೆ ಎಲ್ಲಿದೆ ಎಂದು ತಿಳಿಯುವುದೇ ತೆರವು ಮಾಡುವವರಿಗೆ ಬೇಕಾದದ್ದು.

ಕಲಿಯಲು ಕಡಲಿಗೆ ಎಣ್ಣೆ ಸುರಿಯುವುದು ಬೇಡವೇ ಬೇಡ. ಮನೆಯ ಪರಾತದಲ್ಲೇ ಅರ್ಧ ನೀರಿನ ಮೇಲೆ ಒಂದೆರಡು ಮಿಲಿಮೀಟರ್ ದಪ್ಪ ಅಡುಗೆ ಎಣ್ಣೆ ನಿಲ್ಲುವಂತೆ ನಡುವೆ ಪಟ್ಟಿ ಇಟ್ಟು, ಬಯಲಿನಲ್ಲಿ, ರಾತ್ರಿ, ತೆರೆದ ಆಕಾಶದ ಕೆಳಗೆ ಪರಾತವನ್ನು ಇಡಿ. ಎರಡರ ತಾಪವೂ ಒಂದೇ ಆಗುವವರೆಗೆ ಕಾದು ನಾಲ್ಕೂ ಕೋನಗಳಲ್ಲಿ ತೆಗೆಯಿರಿ. ಆಕಾಶದ ತಾಪವನ್ನು ಇಲ್ಲೂ ಬರೆದುಕೊಳ್ಳಿ. ಮರುದಿನ ಮೋಡ ಇದ್ದರೆ ಅದೇ ಪರಾತ, ಅದೇ ಜಾಗದಲ್ಲಿ ಇನ್ನೊಂದು ಸರಣಿ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.